ಫರ್ನೇಸ್ ಬೀದಿಯಿಂದ ಹೋದ ಮರಗಳು

ಮಾರ್ಲೋ ಊರಿನ ಉದ್ಯಾನ ಇಲಾಖೆಯಲ್ಲಿ ಹೋಸಿಯಾ ಟೇಟ್ ಮೂವತ್ತೊಂದು ವರ್ಷ ಮಾಲಿಯಾಗಿ ದುಡಿದ. ಟೆನೆಸ್ಸಿಯ ಆ ಗುಡ್ಡದೂರಿನಲ್ಲಿ, ವಸಂತ ಬಂದರೆ ಮೈತುಂಬ ಬಿಳಿ ಹೂ ಬಿಡುವ ಡಾಗ್‌ವುಡ್ ಮರದ ವಿಷಯ ಅವನಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ಎಲ್ಲರೂ ಇದನ್ನು ಒಪ್ಪುತ್ತಿದ್ದರು, ಅವನ ಮುಖದೆದುರು ಮಾತ್ರ ಯಾರೂ ಹೇಳುತ್ತಿರಲಿಲ್ಲ. ಎತ್ತರದ ಆಳು, ಉದ್ದ ಕೈ, ಮಾತು ಕಡಿಮೆ. ಸಸಿಯನ್ನು ಎಷ್ಟು ಆಳಕ್ಕೆ ನೆಡಬೇಕು ಎಂದು ಯಾರಾದರೂ ಕೇಳಿದರೆ, "ಮೊದಲು ಎಷ್ಟು ಆಳದಲ್ಲಿತ್ತೋ ಅದಕ್ಕಿಂತ ಒಂದು ಬೆರಳು ಕಮ್ಮಿ" ಅನ್ನುತ್ತಿದ್ದ. ಡಾಗ್‌ವುಡ್‌ನ ಬೇರು ಮೇಲುಮೇಲಕ್ಕೇ ಹರಡುವಂಥದು; ಆಳಕ್ಕೆ ಹೂತರೆ ಉಸಿರುಕಟ್ಟಿ ಸಾಯುತ್ತದೆ.

ಊರನ್ನು ರೈಲು ಹಳಿ ಎರಡಾಗಿ ಸೀಳಿತ್ತು. ಹಳಿಯ ಮೇಲ್ಗಡೆ ಬಿಳಿಯರ ರಿಡ್ಜ್ ರಸ್ತೆ, ಕೆಳಗಡೆ ಕಪ್ಪು ಜನರ ಫರ್ನೇಸ್ ಬೀದಿ. ಹಿಂದೆ ಅಲ್ಲಿ ಕಬ್ಬಿಣ ಕರಗಿಸುವ ಕುಲುಮೆ ಇತ್ತು. ಕುಲುಮೆ ಮುಚ್ಚಿ ಮೂವತ್ತು ವರ್ಷವಾದರೂ ನೆಲ ಅಗೆದರೆ ಬರೀ ಕಿಟ್ಟ, ಅದಿರು ಕರಗಿಸಿ ಬಿಸಾಕಿದ ಕಲ್ಲುಕಸ, ಸಿಗುತ್ತಿತ್ತು. ಹೋಸಿಯಾ ಅಲ್ಲೇ ಹುಟ್ಟಿದ್ದ. ಇಸ್ತ್ರಿ ಅಂಗಡಿಯಲ್ಲಿ ನಿಂತುಕೊಂಡೇ ದಿನ ಕಳೆಯುತ್ತಿದ್ದ ಪರ್ಲಿಯನ್ನು ಮದುವೆಯಾಗಿ ಅದೇ ಬೀದಿಯಲ್ಲಿ ಸಂಸಾರ ಹೂಡಿದ್ದ.

ಸಾವಿರದ ಒಂಬೈನೂರ ಐವತ್ತಾರರ ವಸಂತದಲ್ಲಿ ಮೇಲಿನ ರಸ್ತೆಯ ಹೆಂಗಸರೆಲ್ಲ ಸಮಿತಿ ಕಟ್ಟಿಕೊಂಡು 'ಹೂದಾರಿ' ಶುರುಮಾಡಿದರು. ಡಾಗ್‌ವುಡ್ ಅರಳುವ ಎರಡು ವಾರ ಊರೂರಿನ ಕಾರುಗಳು ಬಂದು, ರಸ್ತೆಯ ಮೇಲೆ ಬಳಿದ ಗುಲಾಬಿ ಗೆರೆ ಹಿಡಿದು ನಿಧಾನಕ್ಕೆ ಸುತ್ತು ಹಾಕುತ್ತಿದ್ದವು. ಗೆರೆ ಬಳಿಯುವ ಕೆಲಸ ಇಲಾಖೆಯ ಆಳುಗಳದ್ದು. ಗೆರೆ ರಿಡ್ಜ್ ರಸ್ತೆಯುದ್ದಕ್ಕೂ ಇಳಿದು ಬಂದು, ರೈಲ್ವೆ ಗೇಟಿಗೆ ಇಪ್ಪತ್ತು ಮಾರು ಇರುವಾಗ ದುಂಡಗೆ ತಿರುಗಿ ವಾಪಸು ಹತ್ತುತ್ತಿತ್ತು. ಆ ತಿರುವನ್ನು ಬಳಿದವನು ಹೋಸಿಯಾನೇ. ಸೊಂಟ ಬಗ್ಗಿಸಿ ಕುಂಚ ತಿರುಗಿಸುವಾಗ ತಲೆಯೆತ್ತಿದರೆ ಗೇಟಿನಾಚೆ ತನ್ನ ಬೀದಿ ಕಾಣುತ್ತಿತ್ತು. ಅಲ್ಲಿ ತೋರಿಸುವಂಥ ಒಂದು ಹೂಮರವೂ ಇರಲಿಲ್ಲ.

ಆ ವರ್ಷ ಶರತ್ಕಾಲದಲ್ಲಿ ಅವನು ಊಟದ ಡಬ್ಬಿಯ ತುಂಬ ಡಾಗ್‌ವುಡ್‌ನ ಕೆಂಪು ಹಣ್ಣು ತುಂಬಿಕೊಂಡು ಮನೆಗೆ ಬಂದ. ಹಕ್ಕಿಗಳಿಗಿಂತ ಮುಂಚೆ ಹೋಗಿ, ಹೂದಾರಿಯ ಒಳ್ಳೊಳ್ಳೆ ಮರ ನೋಡಿ ಆರಿಸಿದ ಹಣ್ಣು. ಪರ್ಲಿ ಡಬ್ಬಿ ತೊಳೆಯಲು ತೆಗೆದವಳು ದಂಗಾದಳು.

"ಇದೇನು, ಊಟ ಬಿಟ್ಟು ಗುಬ್ಬಚ್ಚಿ ಮೇವು ತಿನ್ನೋಕೆ ಶುರುಮಾಡಿದ್ಯಾ?"

"ಬೀಜಕ್ಕೆ."

"ಯಾವ ತೋಟಕ್ಕೆ ಮಾರಾಯಾ? ಕಿಟ್ಟದಲ್ಲಿ ಕಳೆನೂ ಹುಟ್ಟಲ್ಲ."

ಅವನು ಹಣ್ಣನ್ನು ನೀರಿನಲ್ಲಿ ನೆನೆಹಾಕಿ, ತಿರುಳು ಉಜ್ಜಿ ತೆಗೆದು, ಮರಳು ಎಲೆಗೊಬ್ಬರ ಬೆರೆಸಿದ ಮರದ ಪೆಟ್ಟಿಗೆಯಲ್ಲಿ ಬಿತ್ತಿ ಹಿತ್ತಲಿನಲ್ಲಿಟ್ಟ. ಆ ಬೀಜ ಒಂದು ಚಳಿಗಾಲ ಪೂರ್ತಿ ಹೊರಗೆ ನಡುಗದೆ ಮೊಳೆಯುವುದಿಲ್ಲ. ಏಪ್ರಿಲ್‌ನಲ್ಲಿ ಮೊಳಕೆ ಬಂತು. ಎರಡು ವರ್ಷ ಕಳೆದ ಮೇಲೆ ಗಟ್ಟಿಮುಟ್ಟಾದ ಹದಿನಾಲ್ಕು ಸಸಿ ಉಳಿದವು.

ಅವನ್ನು ನೆಟ್ಟ ಶನಿವಾರ ಬೀದಿಯೇ ಹೊರಗೆ ಬಂದಿತ್ತು. ರಸ್ತೆಗೂ ಕಾಲುದಾರಿಗೂ ನಡುವಿನ ಪಟ್ಟಿಯಲ್ಲಿ, ಮಧ್ಯಾಹ್ನದ ಮೇಲೆ ಓಕ್ ಮರಗಳ ನೆರಳು ಬೀಳುವ ಕಡೆ, ಮನೆಗೊಂದು ಗುಂಡಿ. ಕಿಟ್ಟವನ್ನೆಲ್ಲ ತೋಡಿ ಬಿಸಾಕಿ, ಕಾಡಿನಿಂದ ಬುಟ್ಟಿಬುಟ್ಟಿ ಕಪ್ಪು ಮಣ್ಣು ಹೊತ್ತು ತಂದು ತುಂಬಿದರು. ಯೂಲಮ್ಮ ಒಬ್ಬಳು ಮಾತ್ರ ತಕರಾರು ತೆಗೆದಳು. ಅವಳು ಬೀದಿಗೆಲ್ಲ ಹಿರಿಯಳು, ಹೋಸಿಯಾ ಹುಟ್ಟಿದಾಗ ಹೆರಿಗೆ ಮಾಡಿಸಿದ ಸೂಲಗಿತ್ತಿಯ ಮಗಳು.

"ಬೇಲಿಯಾಚೆ ನಂದಲ್ಲ ಕಣೋ. ನನ್ನ ಗಿಡ ಒಳಗೆ ನೆಡು."

"ಒಂದೇ ಸಾಲಲ್ಲಿದ್ರೆ ಚೆಂದ ಯೂಲಮ್ಮ. ನಿಮ್ಮದೊಂದೇ ಒಳಗಿದ್ರೆ ಹಲ್ಲು ಬಿದ್ದ ಬಾಯಿ ಥರ ಕಾಣುತ್ತೆ."

"ಕಾಣ್ಲಿ ಬಿಡು. ನನ್ನ ಬಾಯಲ್ಲೂ ನಾಲ್ಕೇ ಉಳಿದಿರೋದು, ನನಗೇನು ಹೊಸದಲ್ಲ."

ಎಲ್ಲರೂ ನಕ್ಕರು. ಅವಳ ಗಿಡ ಬೇಲಿಯೊಳಗೇ ಹೋಯಿತು.

ಏಳು ವರ್ಷ ಆ ಮರಗಳನ್ನು ಬೀದಿ ಸಾಕಿತು. ಡಾಗ್‌ವುಡ್ ಅವಸರದ ಮರವಲ್ಲ. ಬೇಸಗೆಯಲ್ಲಿ ಎಲೆ ಸುರುಳಿ ಸುತ್ತಿದರೆ ಬಾಯಾರಿದೆ ಎಂದರ್ಥ. ಆಗ ಅಡುಗೆಮನೆಯಿಂದ ಕೊಡಗಳು ಹೊರಡುತ್ತಿದ್ದವು. ಬೊಡ್ಡೆಯ ಸುತ್ತ ಓಕ್ ಎಲೆ ಹಾಸುವುದು, ಬೊಡ್ಡೆಗೆ ತಗಲದಂತೆ ಒಂದು ಗೇಣು ಬಿಟ್ಟು ಹಾಸುವುದು, ಅಲ್ಲಿ ಗುದ್ದಲಿ ಹಾಕದೆ ಹುಲ್ಲನ್ನು ಕೈಯಲ್ಲೇ ಕೀಳುವುದು, ಎಲ್ಲವನ್ನೂ ಹೋಸಿಯಾ ಮನೆಮನೆಗೆ ಹೋಗಿ ಕಲಿಸಿದ. ಅವನು ಜೀವಮಾನದಲ್ಲಿ ಅಷ್ಟು ಮಾತಾಡಿದ್ದು ಆಗಲೇ. ಎಲ್ಲಾದರೂ ತೊಗಟೆಗೆ ಏಟು ಬಿದ್ದದ್ದು ಕಂಡರೆ ಬಾಗಿಲು ತಟ್ಟಿ ಕೇಳುತ್ತಿದ್ದ. "ಗಾಯ ಆದ್ರೆ ಕೊರಕ ಹುಳ ಒಳಗೆ ಹೋಗುತ್ತೆ. ಹೋದ್ಮೇಲೆ ದೇವರೂ ತೆಗೆಯೋಕಾಗಲ್ಲ" ಅನ್ನುತ್ತಿದ್ದ. ಅವನು ಬರುವುದು ಕಂಡರೆ ಮಕ್ಕಳು ಮರದ ಹತ್ತಿರವಿದ್ದ ಸೈಕಲ್ ಎತ್ತಿಕೊಂಡು ಓಡುತ್ತಿದ್ದವು.

ಅರವತ್ತಾರರ ಏಪ್ರಿಲ್‌ನಲ್ಲಿ ಹದಿನಾಲ್ಕೂ ಒಟ್ಟಿಗೆ ಅರಳಿದವು. ಎಲೆ ಬರುವ ಮೊದಲೇ ಕೊಂಬೆ ಕೊಂಬೆಗೂ ಬಿಳಿ ಹೂ, ನಾಲ್ಕೇ ಎಸಳು, ಎಸಳಿನ ತುದಿಯಲ್ಲಿ ತುಕ್ಕಿನ ಬಣ್ಣದ ಸಣ್ಣ ಕಚ್ಚು. ಫರ್ನೇಸ್ ಬೀದಿಯ ಜನ ಕುರ್ಚಿ ಹೊರಗೆ ಹಾಕಿ ಕೂತರು. ಆ ವೇಳೆಗೆ ಕಾನೂನು ಬದಲಾಗಿ ಎರಡು ವರ್ಷವಾಗಿತ್ತು. ಊಟದಂಗಡಿಯ 'ಬಿಳಿಯರಿಗೆ ಮಾತ್ರ' ಬೋರ್ಡುಗಳು ಇಳಿದಿದ್ದವು. ಇನ್ನು ಗೆರೆ ಗೇಟು ದಾಟುವುದೇನು ದೊಡ್ಡದು ಎಂದು ಎಲ್ಲರಿಗೂ ಅನ್ನಿಸಿತು. ಹೋಸಿಯಾ ಟೋಪಿ ಕೈಯಲ್ಲಿ ಹಿಡಿದು ಸಮಿತಿಯ ಅಧ್ಯಕ್ಷೆ ಲೋರಿಂಗ್ ಮೇಡಮ್ಮಿನ ಹಿಂಬಾಗಿಲಿಗೆ ಹೋಗಿ, ಒಂದು ಸಲ ಬಂದು ನೋಡಿ ಎಂದು ಕೇಳಿದ.

ಅವಳು ಬಂದಳು. ಮೂವತ್ತೈದರ ಹೆಂಗಸು, ಬಿಳಿ ಕೈಗವಸು ಹಾಕಿದ್ದಳು. ಕಾರಿನಿಂದಿಳಿದು ಬೀದಿಯ ತುದಿಯವರೆಗೂ ನಡೆದಳು.

"ಅಬ್ಬಾ ಹೋಸಿಯಾ! ನಮ್ಮ ರಸ್ತೇಲೂ ಇಂಥ ಮರ ಇಲ್ಲ. ಇದಕ್ಕೆಲ್ಲ ನೀನು ಏನು ಹಾಕ್ತೀಯ?"

"ಏನಿಲ್ಲ ಮೇಡಂ. ಎಲೆ, ನೀರು. ಯಂತ್ರ ಹತ್ತಿರ ತರೋದಿಲ್ಲ, ಅಷ್ಟೇ."

"ಮುಂದಿನ ವರ್ಷ ಹೂದಾರಿ ವಿಚಾರ ಸಮಿತಿ ಮುಂದೆ ಇಡ್ತೀನಿ. ನೀನು ನೆನಪು ಮಾಡು."

ಅರವತ್ತರ ಅಂಚಿನ ಅವನನ್ನು ಮೇಲಿನ ರಸ್ತೆಯ ಚಿಕ್ಕ ಮಕ್ಕಳೂ ಹೀಗೇ ಹೆಸರು ಹಿಡಿದು ಮಾತಾಡಿಸುತ್ತಿದ್ದರಿಂದ ಅದು ಅವನ ಕಿವಿಗೆ ಬೀಳಲಿಲ್ಲ. 'ಮುಂದಿನ ವರ್ಷ' ಎಂಬುದು ಮಾತ್ರ ಬಿತ್ತು. ಆ ಬೇಸಗೆ ಫರ್ನೇಸ್ ಬೀದಿಯಲ್ಲಿ ಒಂಬತ್ತು ಮನೆಗಳ ಜಗಲಿಗೆ ಬಣ್ಣ ಬಿತ್ತು. ಚರ್ಚಿನ ಹೆಂಗಸರು ಬಂದವರಿಗೆ ಏನು ಕೊಡುವುದು, ನಿಂಬೆ ಪಾನಕವೋ ಪೀಚ್ ಹಣ್ಣಿನ ಕಡುಬೋ ಎಂದು ಜಗಳವಾಡಿಕೊಂಡರು.

ಅದೇ ಬೇಸಗೆ ರಿಡ್ಜ್ ರಸ್ತೆಯ ಮರಗಳು ಒಣಗತೊಡಗಿದವು. ಮನೆಮನೆಗೂ ಹುಲ್ಲು ಕತ್ತರಿಸುವ ಮೋಟಾರು ಯಂತ್ರ ಬಂದಿತ್ತು. ಅದನ್ನು ಬೊಡ್ಡೆಗೆ ತಾಗಿಸಿಕೊಂಡೇ ಓಡಿಸುತ್ತಿದ್ದರು. ಗಾಯದೊಳಗೆ ಹುಳ ಸೇರಿ ತೊಗಟೆಯಡಿ ಸುತ್ತು ಹಾಕಿತ್ತು. ಹೋಸಿಯಾ ಎರಡು ವರ್ಷದಿಂದ ಹೇಳುತ್ತಲೇ ಇದ್ದ. ಹೂಂ ಅಂದವರೆಲ್ಲ ಯಂತ್ರ ಓಡಿಸಿದರು. ಅಕ್ಟೋಬರ್ ಹೊತ್ತಿಗೆ ಹದಿನೇಳು ಮರ ಸತ್ತು ನಿಂತಿದ್ದವು, ಅದರಲ್ಲೂ ಎಲ್ಲರೂ ಕಾರು ನಿಲ್ಲಿಸಿ ಫೋಟೋ ತೆಗೆಯುವ, ಗುಡ್ಡದ ಮೇಲಿನ ತಿರುವಿನಲ್ಲೇ ಹೆಚ್ಚು.

ನವೆಂಬರ್‌ನ ಒಂದು ಬೆಳಿಗ್ಗೆ ಇಲಾಖೆಯ ಮೇಲಧಿಕಾರಿ ಡಾಬ್ಸ್ ಅವನನ್ನು ಗೋದಾಮಿಗೆ ಕರೆಸಿದ.

"ನಿಮ್ಮ ಬೀದಿ ಮರ ಸರಿಯಾದ ಅಳತೆಗಿವೆ ಅಂತ ಸಮಿತಿಯವರು ಹೇಳಿದ್ರು. ತಿರುವಿಗೆ ಹಾಕಬೇಕು. ಮುಂದಿನ ವಾರ ಶುರುಮಾಡು."

ಹೋಸಿಯಾನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅವು ನಮ್ಮವು ಸಾಹೇಬ್ರೇ. ನಾವು ನೆಟ್ಟಿದ್ದು."

"ನೆಟ್ಟಿದ್ದು ನೀವು. ನೆಲ ಯಾರದು? ರಸ್ತೆ ಪಟ್ಟಿ ಊರಾಡಳಿತದ್ದು. ಅಪ್ಪಣೆ ಕೇಳಿದ್ಯಾ ನೆಡುವಾಗ? ನಾನು ಆ ಮಾತು ಎತ್ತಲಿಲ್ಲ, ನೀನೂ ಎತ್ತಬೇಡ."

"ಈ ಗಾತ್ರದ್ದನ್ನ ಕೀಳಬೇಕಾದ್ರೆ ಒಂದು ವರ್ಷ ಮುಂಚೆ ಸುತ್ತ ಬೇರು ಕತ್ತರಿಸಿ ಬಿಡಬೇಕು. ಈಗ ತೆಗೆದ್ರೆ..."

"ಏಪ್ರಿಲ್‌ಗೆ ಹೂ ಬೇಕು. ನಿನ್ನ ಕೈಲಾಗದಿದ್ರೆ ಹೇಳು, ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆಸ್ತೀನಿ. ನಿನಗೂ ಬೇರೆ ಕೆಲಸ ಹುಡುಕ್ಕೊಳ್ಳೋಕೆ ಅನುಕೂಲ."

ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಬೀದಿಯ ಗಂಡಸರು ಚರ್ಚಿನ ಪಾದ್ರಿಯನ್ನು ಮುಂದಿಟ್ಟುಕೊಂಡು ಊರಾಡಳಿತದ ಕಚೇರಿಗೆ ಹೋಗಿ ಬಂದರು. ಅಲ್ಲಿಯವರು ನೆಲದ ನಕ್ಷೆ ತೋರಿಸಿ ಕಳಿಸಿದರು. ಭಾನುವಾರ ಪ್ರಾರ್ಥನೆ ಮುಗಿಸಿ ಬಂದ ಮೇಲೆ ಪರ್ಲಿ ಸೊಪ್ಪು, ಮೆಕ್ಕೆಜೋಳದ ರೊಟ್ಟಿ ಬಡಿಸಿ ಎದುರಿಗೆ ಕೂತಳು. ತಾನು ತಟ್ಟೆ ಮುಟ್ಟಲಿಲ್ಲ.

"ಅಗೀತೀಯ?"

"ನಾನು ಅಗೀದಿದ್ರೆ ಸರಪಳಿ ಹಾಕ್ತಾರೆ."

"ಹಾಕ್ಲಿ. ಮುರಿದು ಸಾಯ್ಲಿ ಇಲ್ಲೇ."

ಅವನು ರೊಟ್ಟಿ ಮುರಿದ.

"ಸರಿ, ಕೆಲಸ ಹೋಗೋದು ಬೇಡ. ಅಗಿ. ಆದ್ರೆ ನಿನಗೆ ಗೊತ್ತಲ್ಲ, ಬೇರು ಎಲ್ಲಿ ಕೊಯ್ದ್ರೆ ಸಾಯುತ್ತೆ ಅಂತ? ಅಲ್ಲಿ ಕೊಯ್ದು ಕೊಡು. ಏಪ್ರಿಲ್‌ಗೆ ಅವರ ಅಂಗಳದಲ್ಲಿ ಕಟ್ಟಿಗೆ ನಿಲ್ಲಲಿ. ಯಾರಿಗೂ ಗೊತ್ತಾಗಲ್ಲ."

"ಗೊತ್ತಾಗಲ್ಲ" ಅಂದ ಹೋಸಿಯಾ.

"ಮಾಡ್ತೀಯ?"

"ಮಾಡ್ತೀನಿ."

ಹಾಗೆ ಹೇಳುವಾಗ ಅವನು ಸುಳ್ಳು ಹೇಳಿರಲಿಲ್ಲ. ಸೋಮವಾರ ಸಲಿಕೆ ಮಸೆದುಕೊಂಡು, ತನ್ನ ಮನೆಯ ಮುಂದಿನ ಮರದಿಂದಲೇ ಶುರುಮಾಡಿದ. ಕೊಲ್ಲಬೇಕಾದರೆ ಬೊಡ್ಡೆಗೆ ಹತ್ತಿರ ಸಲಿಕೆ ಇಳಿಸಿ, ನೂಲಿನಂಥ ಬೇರುಗಳನ್ನೆಲ್ಲ ನೆಲದಲ್ಲೇ ಬಿಟ್ಟು, ಬುಡಕ್ಕೆ ಚಿಕ್ಕ ಮಣ್ಣಿನ ಮುದ್ದೆ ಕಟ್ಟಬೇಕು. ಸಲಿಕೆಯನ್ನು ಅಲ್ಲಿಗೇ ಒಯ್ದು ನಿಲ್ಲಿಸಿದ. ಎಲೆ ಸರಿಸಿದಾಗ ಬೇರುಗಳು ಕಾಡುಮಣ್ಣನ್ನು ಹಿಡಿದುಕೊಂಡಿದ್ದು ಕಾಣಿಸಿತು. ಅದನ್ನು ದಾಟಿ, ಯಾರೂ ಆಗದು ಅಂದಿದ್ದ ಕಿಟ್ಟದೊಳಕ್ಕೂ ಇಳಿದಿದ್ದವು. ಬಗ್ಗಿ ಅದನ್ನೇ ನೋಡಿದ. ಆಮೇಲೆ ಸಲಿಕೆ ಎತ್ತಿ ಎರಡು ಹೆಜ್ಜೆ ಹಿಂದಕ್ಕೆ ಸರಿದು, ಎಷ್ಟು ಅಗಲಕ್ಕೆ ತೋಡಬೇಕೋ ಅಷ್ಟು ಅಗಲಕ್ಕೆ ಊರಿದ.

ಜೊತೆಗಿದ್ದ ಆಳುಗಳು ಬೈದುಕೊಂಡರು. ಅವನು ಹೇಳಿದ ಗಾತ್ರದ ಮುದ್ದೆ ಎತ್ತಲು ನಾಲ್ಕು ಜನವೂ ಸಾಲುತ್ತಿರಲಿಲ್ಲ. ಅವನು ಕೇಳಲಿಲ್ಲ. ಹಳೆಯ ದಿಕ್ಕಿಗೇ ನೆಡಲೆಂದು ಪ್ರತಿ ಬೊಡ್ಡೆಗೂ ಉತ್ತರದ ಕಡೆ ಸೀಮೆಸುಣ್ಣದ ಗುರುತು ಹಾಕಿ, ಮುದ್ದೆಗೆ ಗೋಣಿತಾಟು ಸುತ್ತಿ ಹುರಿಯಿಂದ ಬಿಗಿದು, ಒಡೆಯದಂತೆ ಹಲಗೆಯ ಮೇಲೆ ಜಾರಿಸಿ ಲಾರಿಗೆ ಏರಿಸಿದ. ಆರು ದಿನ ಹಿಡಿಯಿತು. ಆರು ದಿನವೂ ಬೀದಿಯ ಜನ ಹೊಸ ಬಣ್ಣದ ಜಗಲಿಗಳ ಮೇಲೆ ನಿಂತು ನೋಡಿದರು. ಅವನು ಎಷ್ಟು ಜೋಪಾನ ಮಾಡುತ್ತಿದ್ದಾನೆ ಎಂಬುದು ಅವರಿಗೆಲ್ಲ ತಿಳಿಯುತ್ತಿತ್ತು. ಅವನೇ ಕಲಿಸಿದ್ದಲ್ಲವೇ.

ಹದಿಮೂರು ಮರ ಹೋದವು. ಬೇಲಿಯೊಳಗಿದ್ದ ಯೂಲಮ್ಮನ ಮರ ಉಳಿಯಿತು.

ಕಡೆಯ ದಿನ ಪರ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು, "ಒಂದನ್ನಾದ್ರೂ?"

"ಇಲ್ಲ."

"ಒಂದೂ ಇಲ್ವಾ?"

"ಕೈ ಬರಲಿಲ್ಲ ಪರ್ಲಿ."

"ನಮ್ಮ ಮುಂದೆ ಅಗಿಯೋಕೆ ಬಂತು" ಅಂದಳು.

ಅಷ್ಟಕ್ಕೇ ಮುಗಿಯಲಿಲ್ಲ. ಬೇರು ಕತ್ತರಿಸಿ ಸಿದ್ಧಮಾಡದೆ ಕಿತ್ತ ಮರ ಮೊದಲ ಬೇಸಗೆ ದಾಟಬೇಕಾದರೆ ಕೂಸಿನಂತೆ ನೋಡಿಕೊಳ್ಳಬೇಕು. ನೋಡಿಕೊಳ್ಳುವವನು ಹೋಸಿಯಾ ಒಬ್ಬನೇ. ಅರವತ್ತೇಳರ ಬೇಸಗೆಯೆಲ್ಲ ಪೀಪಾಯಿಯಲ್ಲಿ ನೀರು ಹೊತ್ತು ತಿರುವಿಗೆ ಹತ್ತಿದ. ಹುಲ್ಲಿನ ಯಂತ್ರ ಹತ್ತಿರ ಬರದಂತೆ ಪ್ರತಿ ಮರದ ಸುತ್ತ ಗೂಟ ಹೊಡೆದ. ಈ ಸಲ ಮಾತ್ರ ರಿಡ್ಜ್ ರಸ್ತೆಯವರು ಅವನ ಮಾತು ಕೇಳಿದರು. ಒಂದು ಮರವೂ ಸಾಯಲಿಲ್ಲ. ಮೊದಲ ಏಪ್ರಿಲ್‌ನಲ್ಲಿ ಹೂ ಸಾಧಾರಣ, ಎರಡನೆಯದರಲ್ಲಿ ಸಾಲುಗಟ್ಟಿ ಬಿಳುಪು. ಪತ್ರಿಕೆಯಲ್ಲಿ ಲೋರಿಂಗ್ ಮೇಡಂ ಆ ಮರಗಳ ಕೆಳಗೆ ನಿಂತ ಚಿತ್ರ ಬಂತು. ಗುಲಾಬಿ ಗೆರೆ ಹಳೆಯ ಜಾಗದಲ್ಲೇ ತಿರುಗಿತು.

ಫರ್ನೇಸ್ ಬೀದಿಯ ಹದಿಮೂರು ಗುಂಡಿಗಳನ್ನು ಊರಾಡಳಿತ ಮುಚ್ಚಲಿಲ್ಲ. ಚಳಿಗಾಲದ ಮಳೆಯಲ್ಲಿ ಅವು ತುಂಬಿ ನಿಂತವು. ಹೋಸಿಯಾ ಭಾನುವಾರಗಳಲ್ಲಿ ತಳ್ಳುಗಾಡಿಯಲ್ಲಿ ಕಿಟ್ಟ ತಂದು ಒಂದೊಂದಾಗಿ ಮುಚ್ಚಿದ. ಗುಂಡಿ ತೋಡುವಾಗ ಕೈ ಹಾಕಿದ್ದವರಲ್ಲಿ ಒಬ್ಬರೂ ಮುಚ್ಚಲು ಬರಲಿಲ್ಲ. ಚರ್ಚಿನಲ್ಲಿ ಅವನ ಸಾಲಿನಲ್ಲಿ ಜಾಗ ಖಾಲಿ ಉಳಿಯತೊಡಗಿತು. ಕ್ಷೌರದಂಗಡಿಯಲ್ಲಿ ಅವನು ಒಳಗೆ ಬಂದರೆ ಮಾತು ಬದಲಾಗುತ್ತಿತ್ತು. ಯಾರೂ ಅವನನ್ನು ಬೈಯಲಿಲ್ಲ, ಬೈದಿದ್ದರೆ ಅವನಿಗೂ ಹೇಳಲು ಏನಾದರೂ ಇರುತ್ತಿತ್ತು.

ಬೈದವಳು ಯೂಲಮ್ಮ ಒಬ್ಬಳೇ. ಅರವತ್ತೊಂಬತ್ತರ ಮೇ ತಿಂಗಳಲ್ಲಿ ಅವಳ ಮರದ ಬುಡದಲ್ಲಿ ಹೊಟ್ಟಿನಂಥ ಸಣ್ಣ ಪುಡಿ ಬಿದ್ದಿದ್ದು ಹೋಸಿಯಾನಿಗೆ ಬೇಲಿಯಾಚೆಯಿಂದಲೇ ಕಂಡಿತು. ಅದು ಕೊರಕ ಹುಳದ ಗುರುತು. ಬೇಲಿಯ ಬಾಗಿಲಿಗೆ ಕೈಯಿಟ್ಟ.

"ಅಲ್ಲೇ ನಿಲ್ಲು."

ಅವಳು ಜಗಲಿಯ ಮೇಲೆ ಬೀನ್ಸ್ ಸುಲಿಯುತ್ತ ಕೂತಿದ್ದಳು.

"ಯೂಲಮ್ಮ, ಹುಳ ಬಿದ್ದಿದೆ. ಈಗಿನ್ನೂ ಶುರು. ತಂತಿ ಹಾಕಿ ಎಳೆದು ಮೇಣ ಬಳೀತೀನಿ. ಅರ್ಧ ಗಂಟೆ ಕೆಲಸ."

"ನಿನ್ನ ಕೈ ತಾಗಿದ ಮರ ಎಲ್ಲಿಗೆ ಹೋಗುತ್ತೆ ಅಂತ ನೋಡಿದೀನಿ ಕಣೋ. ನಂದು ಇಲ್ಲೇ ಇರ್ಲಿ."

"ಸತ್ತೋಗುತ್ತೆ."

"ಸಾಯ್ಲಿ. ನನ್ನ ಅಂಗಳದಲ್ಲಿ ಸಾಯುತ್ತೆ. ನಿನ್ನ ಕೈಲಿ ಬದುಕಿ ಬಿಳಿಯರ ಮನೆ ಮುಂದೆ ಕುಣಿಯೋದಕ್ಕಿಂತ ಅದೇ ಮರ್ಯಾದೆ."

"ಸಿಟ್ಟು ನನ್ನ ಮೇಲಿರ್ಲಿ. ಮರ ಏನು ಮಾಡಿತ್ತು?"

"ಅದನ್ನ ನೀನು ಹದಿಮೂರು ಸಲ ಕೇಳ್ಕೋಬೇಕಿತ್ತು." ಅವಳು ಬೀನ್ಸಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಅವನು ಅವಳ ತಂಗಿಯ ಮಗನ ಮೂಲಕ ಹೇಳಿಸಿ ನೋಡಿದ. ಆಗಲಿಲ್ಲ. ಮರ ಸಾಯಲು ಮೂರು ವರ್ಷ ತೆಗೆದುಕೊಂಡಿತು. ಮೊದಲು ಒಂದು ಕಡೆಯ ಕೊಂಬೆ, ಮರುವರ್ಷ ತುದಿ. ಪ್ರತಿದಿನ ಕೆಲಸಕ್ಕೆ ಹೋಗುವಾಗ ಬರುವಾಗ ಹೋಸಿಯಾ ಅದರ ಪಕ್ಕದಲ್ಲೇ ನಡೆಯಬೇಕಿತ್ತು. ಕೊನೆಗೆ ಯೂಲಮ್ಮ ಅದನ್ನು ಕಡಿಸಿ ಒಲೆಗೆ ಹಾಕಿದಳು. ಡಾಗ್‌ವುಡ್ ಕಟ್ಟಿಗೆ ಒಳ್ಳೆಯದು, ಗಟ್ಟಿ, ನಿಧಾನಕ್ಕೆ ಉರಿಯುತ್ತದೆ.

ಎಪ್ಪತ್ತೆರಡರಲ್ಲಿ ಅವನು ನಿವೃತ್ತನಾದ. ಮರುವರ್ಷದ ಏಪ್ರಿಲ್‌ನಲ್ಲಿ, ಪರ್ಲಿ ಇದ್ದಕ್ಕಿದ್ದಂತೆ, "ನನ್ನನ್ನ ಒಂದು ಸಲ ಕರ್ಕೊಂಡು ಹೋಗು. ನೋಡ್ಬೇಕು" ಅಂದಳು. ಏಳು ವರ್ಷದಲ್ಲಿ ಅವಳು ಆ ಮರಗಳ ಮಾತೆತ್ತಿದ್ದು ಅದೇ ಮೊದಲು. ಅವನಿಗೆ ಒಳಗೊಳಗೇ ಆಸೆಯಾಯಿತು. ಪಾದ್ರಿಯ ಹಳೆಯ ಕಾರು ಕೇಳಿ ತಂದ. ಅವಳು ಈಸ್ಟರ್ ಹಬ್ಬದ ಹಸಿರು ಟೋಪಿ ಹಾಕಿಕೊಂಡು ಮುಂದೆ ಕೂತಳು. ಅವನು ಕೋಟು ತೊಟ್ಟ.

ಗುಲಾಬಿ ಗೆರೆ ಹಿಡಿದು ಕಾರುಗಳ ಸಾಲಿನಲ್ಲಿ ಆಮೆಯಂತೆ ಹತ್ತಿದರು. ಹಿಂದಿನ ವಾರವಷ್ಟೇ ಡಾಗ್‌ವುಡ್ ಚಳಿ, ಹೂ ಅರಳುವ ಹೊತ್ತಿಗೆ ಮರಳಿ ಬರುವ ಆ ನಾಲ್ಕು ದಿನದ ಚಳಿ, ಬಂದು ಹೋಗಿತ್ತು. ಹೂವಿಗೆ ಏನೂ ಆಗಿರಲಿಲ್ಲ. ತಿರುವು ಬಂತು. ಹದಿಮೂರೂ ಒಟ್ಟಿಗೆ ಅರಳಿ, ಹುಲ್ಲಿನ ಮೇಲೆ ಕೊಂಬೆಗಳನ್ನು ಮಟ್ಟಸವಾಗಿ ಹಾಸಿಕೊಂಡು ನಿಂತಿದ್ದವು. ಪರ್ಲಿ ಕಿಟಕಿಯ ಗಾಜು ಇಳಿಸಿದಳು.

"ನಮ್ಮನೆ ಮುಂದಿದ್ದದ್ದು ಯಾವುದು?"

"ಆ ನೀಲಿ ಬಾಗಿಲಿನ ಮನೆಯದು."

"ಎಷ್ಟು ದೊಡ್ಡದಾಗಿದೆ!" ಅವಳ ದನಿ ಮೆತ್ತಗಾಗಿತ್ತು. "ನಾನು ಪಾತ್ರೆ ತೊಳೆದ ನೀರು ಹಾಕ್ತಿದ್ದೆ ಅದಕ್ಕೆ."

ಹೋಸಿಯಾ ಕಾರನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದ. ಎಲ್ಲರೂ ನಿಲ್ಲಿಸುತ್ತಿದ್ದರು. ನೀಲಿ ಬಾಗಿಲು ತೆರೆದು ಮನೆಯ ಯಜಮಾನ ಹೊರಗೆ ಬಂದ. ಕಾರಿನೊಳಗೆ ಬಗ್ಗಿ ನೋಡಿ ಮುಖ ಅರಳಿಸಿದ.

"ಅರೆ ಹೋಸಿಯಾ! ಒಳ್ಳೇ ಹೊತ್ತಿಗೆ ಬಂದೆ. ಹೊಸ ಹುಡುಗರಿಗೆ ಏನೂ ಗೊತ್ತಾಗಲ್ಲ. ಈ ಮರದ ಹಿಂದಿನ ಕೊಂಬೆ ಯಾಕೋ ಸಪ್ಪಗಿದೆ. ಒಂಚೂರು ಬಂದು ನೋಡು."

ಪರ್ಲಿ ಗಂಡನ ಕಡೆ ತಿರುಗಿದಳು. ಯಜಮಾನ ಅವಳನ್ನು ಮಾತಾಡಿಸಿರಲಿಲ್ಲ. ಹೋಸಿಯಾ ಸ್ಟೇರಿಂಗ್ ಹಿಡಿದೇ ಕೂತ, ಆಮೇಲೆ ಬಾಗಿಲು ತೆಗೆದು ಇಳಿದ. ಕೋಟು ಬಿಚ್ಚಿ ಸೀಟಿನ ಮೇಲಿಟ್ಟು, ಮರದ ಹಿಂದೆ ಮಂಡಿಯೂರಿ ಎಲೆ ಸರಿಸಿ ಬೊಡ್ಡೆ ತಡವಿದ. ಯಾರೋ ಅಂದಕ್ಕೆಂದು ಬೊಡ್ಡೆಗೆ ಒತ್ತಿ ಮಣ್ಣು ಏರಿಸಿದ್ದರು. ಎರಡೂ ಕೈಯಲ್ಲಿ ಅದನ್ನು ಬಾಚಿ ತೆಗೆದ, ಬೇರಿನ ಕೊರಳು ಕಾಣುವವರೆಗೂ ತೆಗೆದ. ಕಾಲು ಗಂಟೆಯಾಯಿತು. ಹಿಂದಿನ ಕಾರುಗಳು ಹಾರ್ನ್ ಮಾಡಿ ಸುತ್ತು ಹಾಕಿಕೊಂಡು ಹೋದವು. ಹಸಿರು ಟೋಪಿಯ ಪರ್ಲಿ ನೇರ ಮುಂದೆ ನೋಡುತ್ತ ಕೂತಿದ್ದಳು.

ಅವನು ಬಂದು ಕೂತಾಗ ಅಂಗೈಯೆಲ್ಲ ಮಣ್ಣಾಗಿತ್ತು. ಕಾರು ಹೊರಟಿತು.

"ಬದುಕುತ್ತಾ?" ಕೇಳಿದಳು.

"ಬದುಕುತ್ತೆ."

"ಗೊತ್ತಿತ್ತು" ಅಂದಳು ಪರ್ಲಿ, ಕಿಟಕಿಯ ಗಾಜು ಏರಿಸಿದಳು. ರೈಲ್ವೆ ಗೇಟು ಹಾಕಿತ್ತು. ಕಲ್ಲಿದ್ದಲಿನ ಉದ್ದನೆಯ ಗಾಡಿ ದಾಟುವವರೆಗೂ ಇಬ್ಬರೂ ಕಾದರು.